ಕ್ರಿಯಾಪದದ ಕೊನೆಯಲ್ಲಿ ಕೂತ ಮರ್ಯಾದೆ

ಕೊರಿಯನ್ ಕಲಿಸೋ ಮೊಬೈಲ್ ಆ್ಯಪ್‌ಗಳು ಸುಮಾರಾಗಿ ಒಂದೇ ದಾರಿ ಹಿಡೀತವೆ. ಮೊದಲು ಅಕ್ಷರ, ಆಮೇಲೆ ನಾಲ್ಕಾರು ಪದ, ಅದರ ಹಿಂದೆಯೇ ಚಿಕ್ಕ ಚಿಕ್ಕ ವಾಕ್ಯ. ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು. ಒಂದು ದಿನ ಮರೆತರೆ ಮಾತ್ರ ಸಂಜೆ ಅದೇ ಬಂದು ನೆನಪಿಸುತ್ತೆ. ಕೆಲವು ತಿಂಗಳಿಂದ ನಾನೂ ಕಂಪನಿ ಬಸ್ಸಲ್ಲಿ ಕೂತು ಇದನ್ನೇ ಮಾಡ್ತಾ ಇದೀನಿ. ಕೊರಿಯನ್ನೇ ಯಾಕೆ ಅಂತ ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಮನೇಲಿ ಎಲ್ಲರೂ ಕೊರಿಯನ್ ಸೀರಿಯಲ್ ನೋಡ್ತಾರೆ, ಸಬ್‌ಟೈಟಲ್ ಓದೋದು ಬೇಜಾರಾಗಿತ್ತು, ಅಷ್ಟೇ.

ಕನ್ನಡದವರಿಗೆ ಈ ಭಾಷೆ ಶುರುವಿನಲ್ಲಿ ಅಷ್ಟೇನೂ ಕಷ್ಟ ಕೊಡಲ್ಲ. ಅದರ ಲಿಪಿ ಹಂಗುಲ್. ರಾಜ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟದ್ದು. ಆಗ ಓದು ಬರಹ ಅಂದರೆ ಚೀನೀ ಅಕ್ಷರ, ಅದು ಉಳ್ಳವರ ಸೊತ್ತು. ಹೊಸ ಅಕ್ಷರ ಬೇಡ ಅಂತ ಆಸ್ಥಾನದ ಪಂಡಿತರೇ ತಕರಾರು ತೆಗೆದಿದ್ದರು. ಇವತ್ತು ಮೂಲ ಅಕ್ಷರಗಳು 24. ‘ಕ’ಕಾರಕ್ಕೆ ಒಂದು ಗೆರೆ ಸೇರಿಸಿದರೆ ಅದೇ ‘ಖ’ಕಾರ. ವಾಕ್ಯದಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯೆ, ನಮ್ಮ ಹಾಗೇ. ಅಪ್ಪನಿಗೆ ‘ಅಪ್ಪಾ’, ಅಮ್ಮನಿಗೆ ‘ಒಮ್ಮಾ’. ಇಂಥವನ್ನೆಲ್ಲ ನೋಡಿ ಹೋಮರ್ ಹಲ್ಬರ್ಟ್ ಅನ್ನೋ ಅಮೆರಿಕನ್ 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನೆಂಟಸ್ತನ ಇದೆ ಅಂತ ಪುಸ್ತಕವನ್ನೇ ಬರೆದ. ಭಾಷಾವಿಜ್ಞಾನಿಗಳು ಈಗ ಅದನ್ನು ಒಪ್ಪಲ್ಲ. ಆದರೂ ಕಲಿಯೋನಿಗೆ ನೆಂಟರ ಮನೆಗೆ ಹೋದ ಹಾಗೇ ಅನಿಸುತ್ತೆ.

ತಲೆ ಕೆರೆದುಕೊಳ್ಳೋ ಜಾಗ ಕ್ರಿಯಾಪದದ ಕೊನೆ. ‘ಹೋಗು’ ಅನ್ನೋ ಕ್ರಿಯೆ ತಗೊಳ್ಳಿ. ಗೆಳೆಯನಿಗೆ ‘ಗಾ’. ಪರಿಚಯ ಇಲ್ಲದವರಿಗೆ ‘ಗಾಯೊ’. ಮೀಟಿಂಗಲ್ಲಿ, ಟೀವಿ ವಾರ್ತೆಯಲ್ಲಿ ‘ಗಮ್ನಿದ’. ಹೋಗುವವರೇ ದೊಡ್ಡವರಾದರೆ ನಡುವೆ ಇನ್ನೊಂದು ‘ಶಿ’ ಬರುತ್ತೆ. ನಮ್ಮದು ಹಾವೇರಿ ಕಡೆಯ ಹಳ್ಳಿ. ಅದಕ್ಕೇ ಈ ‘ಯೊ’ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು, ಇದು ನಮ್ಮ ‘ರೀ’! ‘ಹೋಗ್ತೀನಿ’ಗೆ ‘ರೀ’ ಹಚ್ಚಿದರೆ ‘ಹೋಗ್ತೀನ್ರೀ’. ಹೋಗೋನು ನಾನೇ, ಮರ್ಯಾದೆ ಮಾತ್ರ ಕೇಳಿಸಿಕೊಳ್ಳೋರಿಗೆ. ಎದುರಿಗೆ ಯಾರಿದ್ದಾರೆ ಅಂತ ತೀರ್ಮಾನ ಮಾಡದೆ ಕೊರಿಯನ್ನಲ್ಲಿ ಒಂದು ವಾಕ್ಯವನ್ನೂ ಮುಗಿಸೋಕೆ ಆಗಲ್ಲ.

ಆ್ಯಪ್ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಅದರ ಎದುರಿಗೆ ಯಾರೂ ಇಲ್ಲವಲ್ಲ! ಅದಕ್ಕೇ ಹೊಸಬರಿಗೆ ಹೆಚ್ಚಿನ ಆ್ಯಪ್‌ಗಳು ‘ಯೊ’ ಅಥವಾ ‘ಮ್ನಿದ’ದಲ್ಲೇ ಎಲ್ಲ ವಾಕ್ಯ ಕಲಿಸ್ತವೆ. ಸೇಬು ತಿನ್ನೋದಕ್ಕೂ ‘ಯೊ’, ಮಗು ಜೊತೆ ಮಾತಾಡೋದಕ್ಕೂ ‘ಯೊ’. ಇದರ ಮೇಲೆ ದೂರು ಇಲ್ಲದಿಲ್ಲ. ಇಂಥ ಕೊರಿಯನ್ ಕಲಿತು ಸಿಯೋಲಿಗೆ ಹೋದರೆ ಪುಸ್ತಕ ಓದಿದ ಹಾಗೆ ಮಾತಾಡ್ತೀರಿ, ಗೆಳೆಯರ ನಡುವೆ ಬೆರೆಯಲ್ಲ ಅಂತಾರೆ. ನಿಜವೇ. ಆದರೆ ಈ ಕೊರತೆಯೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ ಅಂತ ನನಗೆ ಅನಿಸ್ತಾ ಇದೆ. ಎದುರಿಗಿರೋ ಮನುಷ್ಯ ಯಾರು, ಏನು ಅಂತ ನಮಗೆ ಏನೂ ಗೊತ್ತಿಲ್ಲ ಅಂದುಕೊಳ್ಳಿ. ಅವನಿಗೆ ಎಷ್ಟು ಮರ್ಯಾದೆ ಸಲ್ಲಬೇಕು?

ಮರ್ಯಾದೆಯನ್ನ ಸಂಪಾದಿಸಬೇಕು ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ವಯಸ್ಸಿನಿಂದ, ವಿದ್ಯೆಯಿಂದ, ಹುದ್ದೆಯಿಂದ. ಕೊರಿಯಾದಲ್ಲೂ ಲೆಕ್ಕ ಹೀಗೇ. ಹೊಸಬರು ಸಿಕ್ಕರೆ ವಯಸ್ಸು ಕೇಳೋದು ಅಲ್ಲಿ ಒರಟುತನ ಅಲ್ಲ, ಯಾವ ಕ್ರಿಯಾಪದ ಬಳಸಬೇಕು ಅಂತ ತಿಳಿಯೋದಕ್ಕೇ ಅದು ಬೇಕು. ಹುಟ್ಟಿದಾಗಲೇ ಒಂದು ವರ್ಷ, ಹೊಸ ವರ್ಷ ಬಂದಾಗಲೆಲ್ಲ ಇನ್ನೊಂದು ವರ್ಷ ಅಂತ ಎಣಿಸೋ ಹಳೇ ಲೆಕ್ಕ ಬಿಟ್ಟು ದಕ್ಷಿಣ ಕೊರಿಯಾ ಸರ್ಕಾರಿ ಕೆಲಸಗಳಿಗೆ ಒಂದೇ ಲೆಕ್ಕ ತಂದದ್ದು 2023ರ ಜೂನಿನಲ್ಲಿ. ಪದಗಳಲ್ಲೂ ತರತಮ ಇದೆ. ಅನ್ನಕ್ಕೆ ‘ಬಾಪ್’ ಅಂತಾರೆ, ಹಿರಿಯರು ಉಣ್ಣೋ ಅನ್ನ ಮಾತ್ರ ‘ಜಿಂಜಿ’. ಸಾಮಾನ್ಯರು ಸಾಯ್ತಾರೆ, ಹಿರಿಯರು ‘ಮರಳಿ ಹೋಗ್ತಾರೆ’.

ನಗೋ ಮೊದಲು ನಮ್ಮ ದಿನಪತ್ರಿಕೆ ತೆಗೆದು ನೋಡಿ. ಮಾಜಿ ಸಚಿವರು ‘ನಿಧನರಾದರು’. ಕಟ್ಟಡದಿಂದ ಬಿದ್ದ ಕೂಲಿ ಕಾರ್ಮಿಕ ‘ಮೃತಪಟ್ಟಿದ್ದಾನೆ’. ಇಬ್ಬರಿಗೂ ಬಂದ ಸಾವು ಒಂದೇ, ಕ್ರಿಯಾಪದ ಬೇರೆ. ಈ ವ್ಯತ್ಯಾಸ ಯಾರೋ ಒಬ್ಬ ಉಪಸಂಪಾದಕ ದುರುದ್ದೇಶದಿಂದ ಮಾಡಿದ್ದಲ್ಲ. ಅದು ಭಾಷೆಯೊಳಗೇ ಕೂತುಬಿಟ್ಟಿದೆ, ಕೈ ತಾನೇ ಬರೆಯುತ್ತೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಪ್ಪತ್ತು ದಾಟಿದ ಆಳುಮಗನನ್ನ ಹೊಲದ ಒಡೆಯನ ಹತ್ತು ವರ್ಷದ ಹುಡುಗ ‘ಬಾರೋ’ ಅಂತ ಕರೆಯೋದು, ಆ ಮುದುಕ ಹುಡುಗನಿಗೆ ‘ಬರ್ರಿ ಸಾವಕಾರ್ರ’ ಅನ್ನೋದು ನಾವು ಕಣ್ಣಾರೆ ಕಂಡ ವ್ಯಾಕರಣ. ಅಲ್ಲಿ ವಯಸ್ಸಿನ ಲೆಕ್ಕವೂ ನಡೆಯಲ್ಲ, ಜಾತಿ ಮತ್ತು ಜಮೀನಿನ ಲೆಕ್ಕ ಅದಕ್ಕಿಂತ ದೊಡ್ಡದು. ಮನೆಯೊಳಗೆ ಬಂದರೆ ಹೆಂಡತಿ ಗಂಡನಿಗೆ ‘ರೀ’, ಗಂಡ ಹೆಂಡತಿಗೆ ‘ಏ’. ಕೊರಿಯನ್ನರ ವ್ಯಾಕರಣ ಕನಿಷ್ಠ ಪಕ್ಷ ಪುಸ್ತಕದಲ್ಲಿ ಬರೆದಿದೆ. ನಮ್ಮದನ್ನ ಯಾವ ಮೇಷ್ಟ್ರೂ ಹೇಳಿಕೊಡಲ್ಲ, ಆದರೂ ಯಾವ ಮಗುವೂ ಫೇಲ್ ಆಗಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನ್ಯಾಯವಾದದ್ದೇ. ಏಕವಚನ ಅಂದರೆ ಬರೀ ಅವಮಾನವಾ? ಅಮ್ಮನಿಗೆ ಯಾರಾದರೂ ‘ನೀವು’ ಅಂತಾರಾ? ಬಸವಣ್ಣ, ಅಕ್ಕಮಹಾದೇವಿ ದೇವರನ್ನೇ ‘ನೀನು’ ಅಂತ ಕರೆದರಲ್ಲ. ಎಲ್ಲರಿಗೂ ಬಹುವಚನ ಹಚ್ಚಿಬಿಟ್ಟರೆ ಮಾತಲ್ಲಿ ಬಿಸುಪೇ ಉಳಿಯಲ್ಲ, ಮನೆ ಅನ್ನೋದು ಬ್ಯಾಂಕಿನ ಕೌಂಟರ್ ಆಗುತ್ತೆ.

ಈ ಗಂಟನ್ನ ಬಿಚ್ಚೋಕೆ ನನಗೆ ಸಹಾಯ ಮಾಡಿದ್ದು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್‌ಮನ್ 1960ರಲ್ಲಿ ಬರೆದ ಒಂದು ಪ್ರಬಂಧ. ಯುರೋಪಿನ ಭಾಷೆಗಳಲ್ಲಿನ ‘ನೀನು–ನೀವು’ ಕುರಿತಾದದ್ದು. ಅವರು ನೋಡಿದ್ದು ಯಾವ ಪದ ಬಳಸ್ತಾರೆ ಅನ್ನೋದನ್ನಷ್ಟೇ ಅಲ್ಲ, ಆ ಪದ ವಾಪಸ್ ಬರುತ್ತಾ ಅನ್ನೋದನ್ನ. ಇಬ್ಬರೂ ಪರಸ್ಪರ ‘ನೀನು’ ಅಂದರೆ ಅದು ಸಲುಗೆ. ಒಬ್ಬ ‘ನೀನು’ ಅಂದು ಇನ್ನೊಬ್ಬ ‘ನೀವು’ ಅನ್ನಬೇಕಾದರೆ ಅದು ಅಧಿಕಾರ. ಅಂದರೆ ತೊಂದರೆ ಇರೋದು ಏಕವಚನದಲ್ಲಲ್ಲ, ಅದು ಒಂದೇ ದಿಕ್ಕಿಗೆ ಹರಿಯೋದರಲ್ಲಿ. ಅಮ್ಮನಿಗೆ ನಾನು ‘ನೀನು’ ಅಂತೀನಿ, ಅಮ್ಮ ನನಗೂ ಹಾಗೇ ಅಂತಾಳೆ. ಆ ಮುದುಕ ಆ ಹುಡುಗನಿಗೆ ‘ಬಾರೋ’ ಅಂದಿದ್ದರೆ?

ಕೊರಿಯನ್ನರಲ್ಲಿ ಇದಕ್ಕೆ ಒಂದು ರೂಢಿ ಇದೆ. ದೊಡ್ಡವರಾದ ಮೇಲೆ ಪರಿಚಯವಾದ ಇಬ್ಬರು ‘ಯೊ’ ಹಚ್ಚಿಯೇ ಮಾತಾಡ್ತಾರೆ. ಸ್ನೇಹ ಬೆಳೆದಾಗ ಒಬ್ಬರು ಕೇಳ್ತಾರೆ, ‘ಇನ್ನು ಮಾತು ಬಿಟ್ಟುಬಿಡೋಣವಾ?’ ಮಾತು ಬಿಡೋದು ಅಂದರೆ ಅಲ್ಲಿ ಜಗಳ ಅಲ್ಲ, ಬಿಗಿ ಬಿಟ್ಟು ಸಲೀಸಾಗಿ ಮಾತಾಡೋದು. ಎಷ್ಟೋ ಸಲ ಕಿರಿಯರೇ ‘ನೀವು ಮಾತು ಬಿಟ್ಟು ಮಾತಾಡಿ’ ಅಂತ ಹೇಳೋವರೆಗೆ ಹಿರಿಯರು ಕಾಯ್ತಾರೆ. ಕಾಯದೆ ದಬಾಯಿಸೋರು ಅಲ್ಲೂ ಇದ್ದಾರೆ, ಆ ಸಮಾಜವನ್ನ ಹೊಗಳೋದು ನನ್ನ ಉದ್ದೇಶ ಅಲ್ಲ. ಆದರೆ ಸಲುಗೆಗೆ ಒಪ್ಪಿಗೆ ಬೇಕು ಅನ್ನೋ ಆ ತಿಳಿವಳಿಕೆ ದೊಡ್ಡದು. ನಮ್ಮಲ್ಲಿ ಕೂಲಿಯವನ ಏಕವಚನಕ್ಕೆ ಯಾರೂ ಅವನ ಒಪ್ಪಿಗೆ ಕೇಳಲೇ ಇಲ್ಲ.

ಹಾಗಾದರೆ ಇಂಗ್ಲಿಷೇ ಪರಿಹಾರ, ಎಲ್ಲರಿಗೂ ಒಂದೇ ‘ಯೂ’ ಅನ್ನೋರಿದ್ದಾರೆ. ಕೊರಿಯಾದ ಕಂಪನಿಗಳೂ ಇದನ್ನ ಯೋಚಿಸಿವೆ. ಸಿಜೆ ಕಂಪನಿ 2000ದಲ್ಲೇ ಹುದ್ದೆ ಹೇಳಿ ಕರೆಯೋದನ್ನ ಬಿಟ್ಟು ಎಲ್ಲರ ಹೆಸರಿಗೂ ‘ನಿಮ್’ ಸೇರಿಸೋ ಪದ್ಧತಿ ತಂದಿತು. ಕಾಕಾವೊದಲ್ಲಿ ನೌಕರರು ಇಂಗ್ಲಿಷ್ ಹೆಸರಿಟ್ಟುಕೊಂಡು ಕರೆದುಕೊಳ್ತಾರೆ. 1997ರಲ್ಲಿ ಗುವಾಮ್‌ನಲ್ಲಿ ಕೊರಿಯನ್ ಏರ್ ವಿಮಾನ ಬಿದ್ದು 200ಕ್ಕೂ ಹೆಚ್ಚು ಜನ ಸತ್ತರು. ಕಿರಿಯ ಪೈಲಟ್‌ಗಳು ಕ್ಯಾಪ್ಟನ್‌ಗೆ ನೇರವಾಗಿ ಹೇಳಲಾರದ ಸಂಸ್ಕೃತಿಯೂ ಇದಕ್ಕೆ ಕಾರಣ ಅಂತ ಮಾಲ್ಕಮ್ ಗ್ಲಾಡ್‌ವೆಲ್ 2008ರ ಪುಸ್ತಕದಲ್ಲಿ ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ಏನೇ ಇರಲಿ, ಹೇಳಬೇಕಾದ್ದನ್ನ ಹೇಳೋಕೆ ಬಿಡದ ಮರ್ಯಾದೆ ಮರ್ಯಾದೆಯೇ ಅಲ್ಲ, ಅದು ಭಯ.

ಆದರೆ ಬೆಂಗಳೂರಿನ ಯಾವ ಟೆಕ್ ಪಾರ್ಕಿಗಾದರೂ ಬಂದು ನೋಡಿ. ಡೈರೆಕ್ಟರನ್ನ ಹೆಸರು ಹಿಡಿದು ಕರೀತಾರೆ, ಎಲ್ಲರೂ ಸಮಾನರು. ಅದೇ ಬಾಯಿ ಲಿಫ್ಟಿನ ಹತ್ತಿರ ನೆಲ ಒರೆಸ್ತಾ ಇರೋ ಹೆಂಗಸಿಗೆ, ಗೇಟಿನ ಸೆಕ್ಯುರಿಟಿಗೆ ಕನ್ನಡದಲ್ಲಿ ಏಕವಚನಕ್ಕೆ ಇಳಿಯುತ್ತೆ. ಮೇಲಿನವರ ಜೊತೆ ಸಮಾನತೆ ಬೇಕು ಅಂದಾಗ ಇಂಗ್ಲಿಷ್, ಕೆಳಗಿನವರಿಗೆ ಜಾಗ ತೋರಿಸೋಕೆ ಕನ್ನಡ. ಇದು ಭಾಷೆಯ ದೋಷ ಅಲ್ಲ, ‘ರೀ’ ಅನ್ನೋ ಅಕ್ಷರ ಕನ್ನಡದಲ್ಲೇ ಇದೆ.

ನನ್ನ ಕಸುಬಿನಲ್ಲಿ ಡೀಫಾಲ್ಟ್ ಅಂತ ಒಂದು ಮಾತಿದೆ. ಬಳಸುವವರು ಏನೂ ಆರಿಸದೆ ಬಿಟ್ಟರೆ ಪ್ರೋಗ್ರಾಂ ತಾನೇ ಹಿಡಿಯೋ ಬೆಲೆ. ಹೆಚ್ಚಿನವರು ಅದನ್ನ ಬದಲಾಯಿಸೋಕೇ ಹೋಗಲ್ಲ, ಹಾಗಾಗಿ ಡೀಫಾಲ್ಟ್ ಇಡೋನ ಮೇಲೆ ದೊಡ್ಡ ಜವಾಬ್ದಾರಿ. ಒಂದು ಬಟನ್ನನ್ನ ಕನ್ನಡಕ್ಕೆ ತರುವಾಗ ‘ಮುಂದುವರಿಸು’ ಅಂತ ಬರೀಬೇಕಾ ‘ಮುಂದುವರಿಸಿ’ ಅಂತ ಬರೀಬೇಕಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಎಲ್ಲರೂ ‘ಸಿ’ ಇಡ್ತಾರೆ. ಯಾಕೆ? ಆ ಬಟನ್ ಒತ್ತೋರು ಯಾರು ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಮರ್ಯಾದೆ ಕೊಡೋದು ನಮಗೆ ಸಹಜವಾಗಿ ಬರುತ್ತೆ. ಗೊತ್ತಾದ ಕೂಡಲೇ, ಅಂದರೆ ಬಟ್ಟೆ ನೋಡಿ, ಕೆಲಸ ನೋಡಿ, ಹೆಸರಿನ ಕೊನೆ ಕೇಳಿ ‘ಗೊತ್ತಾಯ್ತು’ ಅಂದುಕೊಂಡ ಕೂಡಲೇ, ಕಿತ್ತುಕೊಳ್ತೀವಿ.

ಆ್ಯಪ್‌ಗೆ ಕರುಣೆಯೂ ಇಲ್ಲ, ಸಂಸ್ಕಾರವೂ ಇಲ್ಲ. ಎದುರಿಗಿರೋರ ಜಾತಿ, ಸಂಬಳ, ಊರು ಯಾವುದೂ ಗೊತ್ತಿಲ್ಲದ್ದರಿಂದ ಅದು ಎಲ್ಲರಿಗೂ ‘ಯೊ’ ಅಂತ ಕಲಿಸುತ್ತೆ, ಅಷ್ಟೇ. ನಮಗೆ ಅಷ್ಟು ಅಜ್ಞಾನ ಸಾಧ್ಯವಿಲ್ಲ, ಕಣ್ಣು ಎಲ್ಲವನ್ನೂ ನೋಡಿಬಿಡುತ್ತೆ. ಆದರೆ ನೋಡಿದ ಮೇಲೂ ‘ರೀ’ ಹಚ್ಚೋದು ನಮ್ಮ ಕೈಲೇ ಇದೆ. ಸಲುಗೆ ಆಮೇಲೆ ಬರಲಿ, ಇಬ್ಬರೂ ಒಪ್ಪಿಕೊಂಡು ಬರಲಿ. ‘ನೀನು’ ಅನ್ನೋ ಮೊದಲು ಇಷ್ಟೇ ಕೇಳಿಕೊಂಡರೆ ಸಾಕು: ಇವರು ತಿರುಗಿ ನನಗೂ ‘ನೀನು’ ಅಂದರೆ ನನಗೆ ಸಿಟ್ಟು ಬರುತ್ತಾ? ಬರುತ್ತೆ ಅಂದರೆ, ಆ ಪದ ಇನ್ನೂ ನನ್ನದಲ್ಲ.