ಕಣ್ಣು ಬಿಟ್ಟ ಕೂಡಲೇ ಒಂದು ಸ್ತೋತ್ರ



ಮಾಗಡಿ ಸೀಮೆಯ ಸೋಲೂರಿನಲ್ಲಿ ಬೆಳಗಾಗುವುದಕ್ಕೆ ಸೂರ್ಯ ಹುಟ್ಟಬೇಕೆಂದೇನಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿ ಸದ್ದಿಗೇ ಎಚ್ಚರವಾಗುತ್ತದೆ. ಕತ್ತಲಿರುವಾಗಲೇ ಹಸು ಕರೆದು ಡೇರಿಗೆ ಹಾಲು ಹಾಕಬೇಕು. ರೇಷ್ಮೆ ಸಾಕಿದ ಮನೆಯಲ್ಲಿ ಹುಳಕ್ಕೆ ಸೊಪ್ಪು ಕೊಡಬೇಕು. ನೆಲಮಂಗಲದ ಕಡೆ ಕೆಲಸಕ್ಕೆ ಹೋಗುವವರಿಗೆ ಬುತ್ತಿ ಕಟ್ಟಬೇಕು. ಇಷ್ಟರ ನಡುವೆ ದೇವರಿಗೆ ಪುರುಸೊತ್ತು ಎಲ್ಲಿಂದ ತರೋದು ಅಂತ ಕೇಳುವವರು ಬಹಳ.

ಆದರೆ ಕಣ್ಣು ಬಿಟ್ಟ ಕೂಡಲೇ ಮನಸ್ಸು ಎಲ್ಲಿಗೋ ಒಂದು ಕಡೆ ಓಡಿಯೇ ಓಡುತ್ತದೆ. ಒಬ್ಬನಿಗೆ ಸಾಲದ ಲೆಕ್ಕ. ಇನ್ನೊಬ್ಬನಿಗೆ ನಿನ್ನೆ ಅಣ್ಣತಮ್ಮಂದಿರ ಜಗಳ. ಮತ್ತೊಬ್ಬನ ಕೈ ಮೊದಲು ಮೊಬೈಲನ್ನು ಹುಡುಕುತ್ತದೆ. ಆ ಮೊದಲ ಗಳಿಗೆ ಯಾರ ಪಾಲಿಗೆ ಹೋಯಿತೋ, ದಿನವೂ ಬಹುಪಾಲು ಅವರ ಪಾಲಿಗೇ ಹೋಗುತ್ತದೆ.

ಯೇಸುಸ್ವಾಮಿಗೂ ಪುರುಸೊತ್ತು ಇರಲಿಲ್ಲ. ಕಫೆರ್ನವುಮಿನಲ್ಲಿ ಒಂದು ಸಂಜೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲಿಗೆ ಬಂದಿತ್ತು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಸ್ವಾಮಿ ಎದ್ದು, ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು ಎಂದು ಸಂತ ಮಾರ್ಕನ ಶುಭಸಂದೇಶ ತಿಳಿಸುತ್ತದೆ. ಜನರನ್ನು ಕಾಣುವ ಮೊದಲು ತಂದೆಯನ್ನು ಕಂಡರು.

ಮರಳುಗಾಡಿನಲ್ಲಿ ಇಸ್ರಯೇಲರಿಗೆ ಸಿಕ್ಕ ಮನ್ನಾದ ಕಥೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟನ್ನು ಕೂಡಿಸಬೇಕು. ಸಬ್ಬತ್ತಿನ ಹಿಂದಿನ ದಿನ ಬಿಟ್ಟರೆ, ನಾಳೆಗಿರಲಿ ಅಂತ ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ನಿನ್ನೆಯ ಸಿಟ್ಟೂ ಹಾಗೇ. ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿದರೆ ಮನೆಯೆಲ್ಲಾ ನಾರುತ್ತದೆ. ದೇವರ ಕೃಪೆಯನ್ನು ದಿನಾ ಹೊಸದಾಗಿಯೇ ಕೂಡಿಸಿಕೊಳ್ಳಬೇಕು.

ಇದೆಲ್ಲ ಸರಿ, ಕೆಟ್ಟ ದಿನ ಬಂದರೆ? ಒಂದು ಮನೆ ಎಂದುಕೊಳ್ಳಿ. ನಾಲ್ಕನೇ ಜ್ವರ ದಾಟಿದ ಹುಳ ಇನ್ನೇನು ಹಣ್ಣಾಗಿ ಚಂದ್ರಿಕೆ ಹತ್ತಬೇಕು, ಅಷ್ಟರಲ್ಲಿ ಸಪ್ಪೆ ರೋಗ ಬಂತು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಬೆಳೆ ತಿಪ್ಪೆಗೆ ಹೋಯಿತು. ಬೆಳಿಗ್ಗೆ ಮಗ ಕೇಳುತ್ತಾನೆ, "ಅವ್ವ, ಇವತ್ತು ಯಾವ ಬಾಯಲ್ಲಿ ಸ್ತೋತ್ರ ಹೇಳ್ಲಿ?" ತಾಯಿ ಹೇಳುತ್ತಾಳೆ, "ಹುಳ ಸತ್ತಿದ್ದಕ್ಕೆ ಸ್ತೋತ್ರ ಹೇಳು ಅಂತ ಯಾರಂದ್ರಪ್ಪ? ಅದಕ್ಕೆ ಅಳು. ಅತ್ತು ಆದ ಮೇಲೆ, ನೀನು ಬದುಕಿದ್ದೀಯಲ್ಲ, ತೋಟದಲ್ಲಿ ಗಿಡ ಚಿಗುರ್ತಾ ಇದೆಯಲ್ಲ, ಅದಕ್ಕೆ ಹೇಳು."

ಸಂತ ಪೌಲನು ಥೆಸಲೋನಿಕದವರಿಗೆ ಬರೆದದ್ದೂ ಇದನ್ನೇ. ಎಲ್ಲಾ ಸಂದರ್ಭಗಳಲ್ಲಿಯೂ ಕೃತಜ್ಞರಾಗಿರಿ ಎಂದನೇ ಹೊರತು, ಕಷ್ಟವನ್ನೇ ಒಳ್ಳೆಯದು ಅನ್ನಿ ಎನ್ನಲಿಲ್ಲ. ಅವನು ಸುಖದ ಮೇಲೆ ಕೂತು ಉಪದೇಶ ಮಾಡಿದವನೂ ಅಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದು, ಕಾಲಿಗೆ ಕೋಳ ಬಿದ್ದ ರಾತ್ರಿ ಸೀಲನ ಜೊತೆ ದೇವರನ್ನು ಹಾಡಿ ಹೊಗಳಿದವನು. ದೇವರ ಕರುಣೆ ಬೆಳಬೆಳಿಗ್ಗೆ ಹೊಸದಾಗುತ್ತದೆ ಎಂಬ ಮಾತೂ ಅರಮನೆಯಲ್ಲಿ ಹುಟ್ಟಲಿಲ್ಲ. ಹಾಳಾದ ಜೆರುಸಲೇಮಿಗಾಗಿ ಅತ್ತ ಪ್ರಲಾಪಗಳ ಗ್ರಂಥದ ನಡುವೆ ಹುಟ್ಟಿತು. ದೇವರ ಮುಂದೆ ಅಳುವುದು ತಪ್ಪಲ್ಲ. ಅಳುವಿನಲ್ಲೇ ನಿಂತುಬಿಡಬಾರದು, ಅಷ್ಟೇ.

ಎಲ್ಲಾ ಒಳ್ಳೇದಾಗುತ್ತೆ ಅಂತ ತನಗೆ ತಾನೇ ಹೇಳಿಕೊಳ್ಳುವುದು ಒಂದು ಬಗೆಯ ಧೈರ್ಯ. ಏನೇ ಆದರೂ ತಂದೆ ಕೈಬಿಡುವುದಿಲ್ಲ ಅನ್ನುವುದು ವಿಶ್ವಾಸ. ಸ್ವಾಮಿ ತಮ್ಮನ್ನು ಹಿಡಿದುಕೊಟ್ಟ ರಾತ್ರಿಯೇ ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ಬಲಿಪೂಜೆಗಿರುವ ಯೂಕರಿಸ್ತ್ ಎಂಬ ಗ್ರೀಕ್ ಹೆಸರಿನ ಅರ್ಥವೇ ಕೃತಜ್ಞತಾ ಸ್ತುತಿ.

ಇದು ಮನಸ್ಸಿಗೂ ಒಳ್ಳೆಯದು. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲಫ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಕೃತಜ್ಞತೆಯ ಸಂಗತಿಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ಆದರೆ ಭಕ್ತನು ಲಾಭ ನೋಡಿ ವಂದಿಸುವುದಿಲ್ಲ. ಮಗ ಅಪ್ಪನನ್ನು ಮಾತಾಡಿಸುವ ಹಾಗೆ ವಂದಿಸುತ್ತಾನೆ.

ದೊಡ್ಡ ವ್ರತವೇನೂ ಬೇಡ. ಹಾಸಿಗೆ ಬಿಡುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳಿ. ನಿನ್ನೆ ಸಿಕ್ಕ ಮೂರು ಉಪಕಾರಗಳನ್ನು ಹೆಸರಿಟ್ಟು ಹೇಳಿ: ಕೊಟ್ಟಿಗೆಯ ಹಸು, ಗುಣವಾದ ಜ್ವರ, ಸಾಲ ಕೇಳಲು ಬಂದರೂ ಗದರದೆ ಹೋದ ನೆರೆಯವನು. ಆಮೇಲೆ ಮನೆಯವರೊಬ್ಬರಿಗೆ ಒಂದು ಒಳ್ಳೆ ಮಾತು ಆಡಿ. ದೇವರಿಗೆ ಸ್ತೋತ್ರ ಹೇಳಿದ ಬಾಯಿ, ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚಿದ ಹೆಂಡತಿಯನ್ನು ಗದರಿದರೆ ಆ ಸ್ತೋತ್ರ ಸೂರು ದಾಟುವುದಿಲ್ಲ.

ಹುಳ ಸಾಕಿದವರಿಗೆ ಗೊತ್ತು. ಜ್ವರಕ್ಕೆ ಕೂತ ಹುಳ ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಹೊತ್ತು ದಂಡವಾಯಿತು ಎಂದು ಯಾರೂ ಅನ್ನುವುದಿಲ್ಲ. ಹಳೇ ಚರ್ಮ ಕಳಚಿ ಬೆಳೆಯುವುದು ಆಗಲೇ. ದಿನಾ ಬೆಳಿಗ್ಗೆ ಐದು ನಿಮಿಷ ತಲೆ ಎತ್ತಿ ನಿಂತ ಭಕ್ತನಿಗೂ ಹಾಗೆಯೇ.

ಪ್ರಾರ್ಥನೆ: ತಂದೆಯೇ, ಇನ್ನೊಂದು ಬೆಳಗನ್ನು ತೋರಿಸಿದ್ದಕ್ಕೆ ವಂದನೆ. ನಿನ್ನೆಯ ಕಹಿಯನ್ನು ತೆಗೆದುಬಿಡು. ಇಂದಿನ ದುಡಿಮೆಗೆ ಕೈಗಳಲ್ಲಿ ಬಲ ಕೊಡು. ಅಳು ಬಂದರೆ ನಿನ್ನ ಮುಂದೆಯೇ ಅಳುವಂತೆ ಮಾಡು. ಆಮೆನ್.