ಅಗ್ಗದ ಕೋಣೆಯ ಲೆಕ್ಕ

ಪ್ಯಾರಿಸ್ಸಿನಲ್ಲಿ ಮೂರು ರಾತ್ರಿ ಮಲಗೋದಕ್ಕೆ ಒಂದು ಜಾಗ ಬೇಕಾಗಿತ್ತು. ಸಭೆಗೆ ಕರೆದವರು ವಿಮಾನದ ಟಿಕೇಟು ಕೊಟ್ಟಿದ್ದರು, ಉಳಿಯುವ ಖರ್ಚು ನನ್ನದು. ಮೇಷ್ಟರ ಪೆನ್ಶನ್ನಿನಲ್ಲಿ ಬದುಕುವವನು ನಾನು. ಸೇನ್ ನದಿಯ ದಂಡೆಯ ಹೋಟೆಲುಗಳ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು. (ನಮ್ಮಲ್ಲಿ ಹೋಟೆಲು ಅಂದರೆ ಕಾಫಿ ತಿಂಡಿಯ ಜಾಗ. ನಾನು ಹೇಳ್ತಿರೋದು ಮಲಗುವ ಹೋಟೆಲು, ನಮ್ಮ ಲಾಡ್ಜು.) ಕೊನೆಗೆ ಊರಿನ ವಾಯವ್ಯದ ಅಂಚಿನಲ್ಲಿ, ಪ್ಯಾರಿಸ್ಸನ್ನು ಬಳಸಿಕೊಂಡು ಹೋಗುವ ದೊಡ್ಡ ಸುತ್ತುರಸ್ತೆಯ ಹತ್ತಿರ, ಒಂದು ಅಗ್ಗದ ಕೋಣೆ ಸಿಕ್ಕಿತು. ಮಂಚ ಬಿಟ್ಟರೆ ನಿಲ್ಲೋದಕ್ಕಷ್ಟೇ ಜಾಗ. ಕಿಟಕಿ ತೆಗೆದರೆ ಲಾರಿಗಳ ಸದ್ದು. ಆದರೂ ಬೆಳ್ಳಗಿನ ಬೆಡ್‌ಶೀಟು, ಉಜ್ಜಿ ಹೊಳೆಯುವ ಕಕ್ಕಸು. ಇಷ್ಟು ದುಬಾರಿ ಊರಲ್ಲಿ ಇಷ್ಟು ಕಡಿಮೆಗೆ ಹೊಡೆದೆನಲ್ಲ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಬೆಳಿಗ್ಗೆ ಬಾಗಿಲು ತೆಗೆದಾಗ ಓಣಿಯಂಥ ಆ ನಡುವಿನ ದಾರಿಯಲ್ಲಿ ಒಬ್ಬ ಕಪ್ಪು ಹೆಂಗಸು ಬೆಡ್‌ಶೀಟುಗಳ ತಳ್ಳುಗಾಡಿ ತಳ್ಳಿಕೊಂಡು ಬರ್ತಾ ಇದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ನಡೀತಿದ್ದಳು. ಆ ನಡಿಗೆ ನನಗೆ ಗೊತ್ತು. ನನ್ನವ್ವ ಹಾಸ್ಟೆಲಿನ ಕೋಣೆ ಗುಡಿಸಿ ಸಂಜೆ ಮನೆಗೆ ಬರ್ತಿದ್ದದ್ದು ಹಾಗೇ.

ಆಗ ಶುರುವಾಯಿತು ಈ ಲೆಕ್ಕ. ಕೋಣೆ ಅಗ್ಗವಾದದ್ದು ಹೇಗೆ? ಜಾಗ ಚಿಕ್ಕದು, ಊರಿನಂಚು, ತಿಂಡಿ ಇಲ್ಲ, ಗದ್ದಲ. ಇದು ನಾನು ನನ್ನ ಮೈಮೇಲೆ ಹೊತ್ತುಕೊಂಡ ಅಗ್ಗ. ನಿದ್ದೆ ಕೆಟ್ಟರೆ ನನ್ನದು, ಕಾಲು ಸೋತರೆ ನನ್ನದು. ಇದರಲ್ಲಿ ಯಾರಿಗೂ ಮೋಸ ಇಲ್ಲ. ಆದರೆ ಇನ್ನೊಂದು ಅಗ್ಗ ಇದೆ. ಅದನ್ನು ಹೊರುವ ಮೈ ಬೇರೆಯವರದು, ಮಲಗುವ ಮೈ ನನ್ನದು. ಬಾಡಿಗೆಯ ರಸೀದಿಯಲ್ಲಿ ಎರಡೂ ಕೂಡಿ ಒಂದೇ ಅಂಕಿ ಆಗಿರುತ್ತೆ. ಬಿಡಿಸಿ ತೋರಿಸೋರು ಯಾರು?

ಬಿಡಿಸಿ ತೋರಿಸಿದವರು ಅದೇ ಭಾಗದ ಹೆಂಗಸರೇ. ಬಾತಿನ್ಯೋಲ್ ಬಡಾವಣೆಯಲ್ಲಿ ಇಬಿಸ್ ಹೋಟೆಲು ಅಂತ ಇದೆ, ಸುಮಾರು 700 ಕೋಣೆಗಳದು, ಅಕ್ಕೋರ್ ಎಂಬ ಭಾರಿ ಕಂಪನಿಗೆ ಸೇರಿದ್ದು. ನಾನು ಉಳಿದದ್ದು ಅಲ್ಲಲ್ಲ, ಬೇರೆ ಕಡೆ. ಅಲ್ಲಿ ಕೋಣೆ ತೊಳೆಯುವ ಹೆಂಗಸರು ಹೋಟೆಲಿನ ನೌಕರರಲ್ಲ, ಗುತ್ತಿಗೆದಾರನ ಕೂಲಿಗಳು. ಹೆಚ್ಚಿನವರು ಆಫ್ರಿಕಾದಿಂದ ಬಂದವರು. ಗಂಟೆಗೆ ಮೂರೂವರೆ ಕೋಣೆ ಮುಗಿಸಬೇಕು ಅಂತ ಆಗ ಅವರಿಗೆ ಕಟ್ಟಳೆ ಇತ್ತು. ಲೆಕ್ಕ ಹಾಕಿ ನೋಡಿ: ಒಂದು ಕೋಣೆಗೆ 17 ನಿಮಿಷ. ಅಷ್ಟರಲ್ಲಿ ಹಾಸಿಗೆ ಎತ್ತಿ ಬೆಡ್‌ಶೀಟು ಬದಲಿಸಬೇಕು, ದಿಂಬಿನ ಕವರು ಹಾಕಬೇಕು, ಕಕ್ಕಸು ಉಜ್ಜಬೇಕು, ಕನ್ನಡಿ ಒರೆಸಬೇಕು, ಕಸ ತೆಗೆಯಬೇಕು, ನೆಲ ಸಾರಿಸಬೇಕಿತ್ತು. ಕುಡಿದು ವಾಂತಿ ಮಾಡಿದವನ ಕೋಣೆಗೂ ಅದೇ 17 ನಿಮಿಷ. ಮುಗಿಯದೆ ಹೋದರೆ ಮುಗಿಯೋವರೆಗೂ ದುಡೀಬೇಕಿತ್ತು, ಆ ಹೊತ್ತಿಗೆ ಕಾಸಿರಲಿಲ್ಲ. ನನ್ನಂಥವನ ಅಗ್ಗ ಹುಟ್ಟೋದು ಹೀಗೆ ಕಾಸಿಲ್ಲದ ಹೊತ್ತಿನಲ್ಲಿ.

2019ರ ಜುಲೈ 17ರಂದು ಆ ಹೆಂಗಸರು ಕೆಲಸ ನಿಲ್ಲಿಸಿದರು. ಕೊನೇವರೆಗೂ ನಿಂತವರು ಇಪ್ಪತ್ತು ಜನ ಅಷ್ಟೇ. ಹೋಟೆಲಿನ ಬಾಗಿಲ ಮುಂದೆ ಡೋಲು ಬಡಿದರು, ಹಾಡಿದರು, ಕುಣಿದರು. ನಡುವೆ ಕೊರೊನಾ ಬಂತು, ಹೋಟೆಲೇ ಮುಚ್ಚಿತು, ಇವರು ಬಿಡಲಿಲ್ಲ. 22 ತಿಂಗಳು! 2021ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಗಂಟೆಗೆ ಮೂರೂವರೆ ಕೋಣೆ ಇದ್ದದ್ದು ಮೂರಾಯಿತು, ಅಂದರೆ ಕೋಣೆಗೆ 20 ನಿಮಿಷ. ಊಟದ ಭತ್ಯೆ ಬಂತು, ಸಂಬಳ ಏರಿತು. ಮೂರು ನಿಮಿಷಕ್ಕಾಗಿ 22 ತಿಂಗಳು ಅಂತ ನಗೋರು ಇರಬಹುದು. ನಗಲಿ. ಸೊಂಟ ನೋಯುವವಳಿಗೆ ಮೂರು ನಿಮಿಷ ಅಂದರೇನು ಅಂತ ನನ್ನವ್ವನ್ನ ಕೇಳಬೇಕಿತ್ತು. ಆದರೆ ಗುತ್ತಿಗೆ ತೆಗೆದು ನಮ್ಮನ್ನ ಹೋಟೆಲಿನ ನೌಕರರನ್ನಾಗಿ ಮಾಡಿ ಅನ್ನೋ ದೊಡ್ಡ ಬೇಡಿಕೆ ಮಾತ್ರ ಈಡೇರಲಿಲ್ಲ. ಅವರ ಮುಂದಾಳುಗಳಲ್ಲಿ ಒಬ್ಬಳು, ಐವರಿ ಕೋಸ್ಟಿನಲ್ಲಿ ಹುಟ್ಟಿದ ರಶೆಲ್ ಕೇಕೆ, 2022ರಲ್ಲಿ ಮಾಜಿ ಮಂತ್ರಿಯೊಬ್ಬರನ್ನು ಸೋಲಿಸಿ ಫ್ರಾನ್ಸಿನ ಸಂಸತ್ತಿಗೆ ಹೋದಳು. 2024ರ ಚುನಾವಣೆಯಲ್ಲಿ ಸೋತಳು.

ಜಾರ್ಜ್ ಆರ್ವೆಲ್ 1929ರಲ್ಲಿ ಇದೇ ಪ್ಯಾರಿಸ್ಸಿನ ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆದವನು. 1933ರಲ್ಲಿ ಬಂದ ಪುಸ್ತಕದಲ್ಲಿ ಅವನು ಕೇಳ್ತಾನೆ, ಈ ಜೀತ ಯಾತಕ್ಕೆ, ಉಳ್ಳವರಿಗೆ ನಿಜವಾಗಿ ಬೇಡವಾದ ಥಳಕನ್ನು ಒದಗಿಸೋದಕ್ಕಲ್ಲವೇ ಅಂತ. ಒಳ್ಳೆಯ ಪ್ರಶ್ನೆ. ಆದರೆ ಅದು ನನ್ನ ತಲೆನೋವಿಗೆ ಮದ್ದಲ್ಲ. ಥಳಕು ಬೇಡ ಅನ್ನಬಹುದು, ಮಲಗೋ ಜಾಗ ಬೇಡ ಅನ್ನೋಕಾಗುತ್ಯೇ? ದೂರದಿಂದ ಬಂದ ಬಡವನಿಗೂ ಒಂದು ಶುಚಿಯಾದ ಹಾಸಿಗೆ ಬೇಕು. ಅದು ಅವನ ಹಕ್ಕು ಅಂತಲೇ ನಾನು ಹೇಳೋದು. ಇಬ್ಬರು ಬಡವರನ್ನು ಒಂದೇ ಹಾಸಿಗೆಯ ಆ ಬದಿ ಈ ಬದಿ ನಿಲ್ಲಿಸಿ, ನಿನ್ನ ನಿದ್ದೆಗೆ ಇವಳ ಸೊಂಟ ಅಂತ ವ್ಯಾಪಾರ ಕುದುರಿಸಿದವನು ಮಾತ್ರ ಕೋಣೆಯಲ್ಲಿ ಎಲ್ಲೂ ಕಾಣೋದಿಲ್ಲ.

ಹಾಗಾದರೆ ಹೆಚ್ಚು ಕಾಸು ಕೊಟ್ಟು ದುಬಾರಿ ಕೋಣೆ ಹಿಡಿದರೆ ಪಾಪ ತೊಳೆಯುತ್ತೋ? ಅದೂ ಇಲ್ಲ. ವಾಂದೋಮ್ ಚೌಕದ ಬಳಿ ಪಾರ್ಕ್ ಹಯಾತ್ ಅಂತ ಅರಮನೆಯಂಥ ಹೋಟೆಲಿದೆ. 2018ರಲ್ಲಿ ಅಲ್ಲೂ ಗುತ್ತಿಗೆಯ ಪದ್ಧತಿ ವಿರುದ್ಧ ಸುಮಾರು ಮೂರು ತಿಂಗಳು ಮುಷ್ಕರ ನಡೀತು. ಬಾಡಿಗೆ ಏರಿದ ಮಾತ್ರಕ್ಕೆ ಕೂಲಿ ಏರೋದಿಲ್ಲ ಕಣ್ರಪ್ಪಾ.

ಎರಡನೇ ದಿನ ನಾನೂ ಒಳ್ಳೆಯವನಾಗಲು ಹೊರಟೆ. ಮೊದಲು ದಿಂಬಿನ ಮೇಲೆ ಐದು ಯೂರೋ ಇಟ್ಟೆ. ಇಟ್ಟು ನೋಡಿದರೆ ನಾಚಿಕೆಯಾಯಿತು. ಕೂಲಿ ಕೊಡದೆ ಭಕ್ಷೀಸು ಎಸೆಯುವ ಧಣಿಗಳನ್ನು ನಾವು ಕಂಡಿಲ್ಲವೇ? ಆದರೂ ತೆಗೆಯಲಿಲ್ಲ. ನಾಚಿಕೆ ನನ್ನದು, ಕಾಸು ಅವಳಿಗೆ ಬೇಕಾಗಬಹುದು. ಮೇಲಾಗಿ, ಅವಳಿಗೆ ಒಂದು ಕೋಣೆಯ ಕೆಲಸವಾದರೂ ತಪ್ಪಲಿ ಅಂತ, ಬಾಗಿಲಿಗೆ 'ತೊಂದರೆ ಕೊಡಬೇಡಿ' ಅನ್ನೋ ಚೀಟಿ ತೂಗುಹಾಕಲು ಹೋದೆ. ಸಭೆಗೆ ಕರೆದಿದ್ದ ಹುಡುಗಿ ತಡೆದಳು. "ಸಾರ್, ಇವರಿಗೂ ಕೋಣೆ ಲೆಕ್ಕದಲ್ಲೇ ಕೂಲಿ ಇದ್ದರೆ? ನೀವು ಬೇಡ ಅಂದಷ್ಟೂ ಅವರ ದುಡಿಮೆ ಕಮ್ಮಿಯಾಗುತ್ತಲ್ಲ!" ನಾನು ಚೀಟಿ ಹಿಡಕೊಂಡು ನಿಂತೆ. ಕೆಳಗೆ ಹೋಗಿ, ಇಲ್ಲಿ ಕೋಣೆ ತೊಳೆಯೋರು ನಿಮ್ಮ ನೌಕರರೋ ಗುತ್ತಿಗೆಯವರೋ ಅಂತ ಅವಳ ಬಾಯಲ್ಲೇ ಕೇಳಿಸಿದೆ. ಕೌಂಟರಿನ ಹುಡುಗ ಒಂದು ಗಳಿಗೆ ಸುಮ್ಮನಿದ್ದು, ಗುತ್ತಿಗೆ ಅಂದ. ಇಂಥದ್ದನ್ನ ಯಾರೂ ಕೇಳೋದಿಲ್ಲ ಅಂತಲೂ ಅಂದನಂತೆ.

ಹೊರಡುವ ದಿನ ಬೇಗ ಎದ್ದೆ. ಅವ್ವ ಕಲಿಸಿದಂತೆ ಬೆಡ್‌ಶೀಟನ್ನು ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟೆ. ಚೀಲ ಎತ್ತಿಕೊಂಡು ಬಾಗಿಲು ದಾಟುವಾಗ ಅವಳು ಒಳಗೆ ಬಂದಳು. ಬೋಂಝೂರ್ ಅಂದಳು, ನಾನೂ ಅಂದೆ. ಅವಳು ನನ್ನ ಮಡಿಕೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಕೊಳೆಬಟ್ಟೆಯ ಚೀಲಕ್ಕೆ ತುರುಕಿ, ಗೋಡೆಯ ಗಡಿಯಾರದ ಕಡೆ ನೋಡಿದಳು.