ಬೀಜಕ್ಕೆ ಬಿಟ್ಟ ಕಾಯಿ

ಹಿತ್ತಲಿನಲ್ಲಿ ತರಕಾರಿ ಬೆಳೆಯಲು ಹೊರಟವರು ಮೊದಲು ಜಾಗ, ಬಿಸಿಲು, ನೀರುಗಳನ್ನು ನೋಡುತ್ತಾರೆ. ಆದರೆ ಕೈತೋಟದ ನಿಜವಾದ ಆರಂಭ ಹಿಂದಿನ ವರ್ಷದಲ್ಲೇ ಆಗಿರುತ್ತದೆ. ಆಗ ಯಾರೋ ಒಬ್ಬರು ಒಳ್ಳೆಯ ಬೆಂಡೆಕಾಯಿಯೊಂದನ್ನು ಪಲ್ಯಕ್ಕೆ ಕೊಯ್ಯದೆ ಬೀಜಕ್ಕೆ ಬಿಟ್ಟಿರುತ್ತಾರೆ. ಅದು ಗಿಡದಲ್ಲೇ ಬಲಿತು ಒಣಗಬೇಕು. ಬೀಜ ಬೂದಿಯೊಡನೆ ಬೆರೆತು ಮಳೆಗಾಲಕ್ಕಾಗಿ ಕಾಯಬೇಕು.

ಒಂದು ವರ್ಷ ನಾನು ಆ ಸಂಯಮ ತೋರಲಿಲ್ಲ. ಬೀಜಕ್ಕೆಂದು ಗುರುತಿಟ್ಟ ಕಾಯಿಗಳೂ ಎಳೆಯದರಲ್ಲೇ ಅಡುಗೆಮನೆ ಸೇರಿದವು. ಜೂನ್ ಬಂದಾಗ ಪಾತಿ ಸಿದ್ಧವಿತ್ತು, ಬೀಜವಿರಲಿಲ್ಲ. ಅಂಗಡಿಯ ಹೈಬ್ರಿಡ್ ಬೀಜ ತರಬಹುದಿತ್ತು. ಆದರೆ ಅದರ ಬೆಳೆಯಿಂದ ತೆಗೆದ ಬೀಜ ಮರುವರ್ಷ ಅದೇ ಗುಣ ಉಳಿಸಿಕೊಳ್ಳುವುದಿಲ್ಲ. ಕೊನೆಗೆ ನೆರೆಮನೆಯ ಅಜ್ಜಿಯೊಬ್ಬರು ಒಂದು ಹಿಡಿ ಬೀಜ ಕೊಟ್ಟರು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಿತ್ತಿದೆ. ಸುಮಾರು ಒಂದು ವಾರದಲ್ಲಿ ಮೊಳಕೆಗಳು ತಲೆಯೆತ್ತಿದವು.

ಅವುಗಳ ಮುಂದೆ ನಿಂತಾಗ ಒಂದು ಪ್ರಶ್ನೆ ಕಾಡಿತು. ನಾಳಿನವರಿಗಾಗಿ ಇಂದಿನ ಉತ್ತಮವಾದುದನ್ನು ಬಿಟ್ಟುಕೊಡುವುದು ದಾನವೋ, ಋಣ ತೀರಿಸುವಿಕೆಯೋ? ಅಜ್ಜಿಗೆ ಹಿಡಿ ಬೀಜ ಹಿಂದಿರುಗಿಸಬಹುದು. ಅವರಿಗೆ ಅದನ್ನು ಉಣ್ಣದೆ ಉಳಿಸಿಕೊಟ್ಟ ಹಿರಿಯರಿಗೆ ಏನು ಕೊಡೋಣ? ಆ ಋಣ ತೀರುವುದು ಮುಂದೆ ಬರುವವರಿಗೆ ಕೊಟ್ಟಾಗ ಮಾತ್ರ.

ಈ ವರ್ಷ ನಿಮ್ಮ ಕೈತೋಟದ ಒಳ್ಳೆಯ ಕಾಯಿಯೊಂದಕ್ಕೆ ದಾರ ಕಟ್ಟಿ, ಕೊಯ್ಯದೆ ಬಿಡಿರಿ.